ಹೊಂಗೆಕೊಪ್ಪಲಿನ ಕಟ್ಟೆಯಲ್ಲಿ ಅನುಮತಿಯಿಲ್ಲದೆ ನಿಂತಿರುವ ನೀರು

ಕೊಡಗು ರಾಜ್ಯ
ಇಲಾಖೆ: ಸಂಬಂಧಪಟ್ಟದ್ದು
ಶಾಖೆ: ಹೊರದೇಶ ಗ್ರಾಮಸೇವಾ ಪೂರ್ವಸಿದ್ಧತೆ

ಸುತ್ತೋಲೆ ಸಂಖ್ಯೆ: ಹೊ.ಗ್ರಾ.ಪೂ./ಹೋ.ಬ./೧೭/೧೯೫೪-೫೫
ಮಡಿಕೇರಿ, ದಿನಾಂಕ ೭ನೇ ಜೂನ್ ೧೯೫೪

ವಿಷಯ: ಹೊರದೇಶದ ಹಳ್ಳಿಗಳಲ್ಲಿ ಸಮುದಾಯ ಸೇವೆಗೂ ನೆಲ-ಜಲ ಸಂರಕ್ಷಣೆಗೂ ತೆರಳುವ ಸ್ವಯಂಸೇವಕರ ಪೂರ್ವಸಿದ್ಧತೆ, 'ಹೋಗುತ್ತೇನೆ' ಎಂಬ ಕ್ರಿಯಾಪದಕ್ಕೆ ಸಹಿ ಹಾಕಲು ಅವರ ನಿರಾಕರಣೆ, ತತ್ಪರಿಣಾಮವಾಗಿ ಹೊಂಗೆಕೊಪ್ಪಲಿನ ಕಟ್ಟೆಯಲ್ಲಿ ನೀರು ನಿಂತಿರುವುದು.

ಉಲ್ಲೇಖ:
(ಅ) ದೆಹಲಿಯಿಂದ ಬಂದ ಪತ್ರ, ಮೊದಲನೆಯ ಪುಟ ಮಾತ್ರ.
(ಆ) ಹೊಂಗೆಕೊಪ್ಪಲಿನ ಪಟೇಲರ ಅರ್ಜಿ, ದಿನಾಂಕ ೧೨ನೇ ಏಪ್ರಿಲ್.
(ಇ) ನಮೂನೆ ೪, ಹದಿನಾಲ್ಕು ಪ್ರತಿಗಳು, ಎಲ್ಲವೂ ಗೀಚಿದ್ದು.
(ಈ) ಮೇಲಧಿಕಾರಿಗಳ ಹಿಂಬರಹ, ದಿನಾಂಕ ೩ನೇ ಜೂನ್.

ಮೇಲ್ಕಂಡ ವಿಷಯದ ಬಗ್ಗೆ ಶಾಖೆಯ ಸಮಸ್ತ ನೌಕರರಿಗೂ, ಹದಿನಾಲ್ಕು ಮಂದಿ ಸ್ವಯಂಸೇವಕರಿಗೂ, ಸೇತುವೆಯ ಎರಡೂ ತುದಿಯ ಸಾರ್ವಜನಿಕರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ. ಸುತ್ತೋಲೆಯನ್ನು ಓದದೆ ಸಹಿ ಹಾಕಿ ಪಕ್ಕದ ಮೇಜಿಗೆ ತಳ್ಳುವ ಪದ್ಧತಿಯನ್ನು ಇದೊಂದರ ಮಟ್ಟಿಗೆ ತಡೆಹಿಡಿಯಲಾಗಿದೆ.

೧. ಹೊರದೇಶದ ಹಳ್ಳಿಗಳಲ್ಲಿ ಕೆಲಸ ಮಾಡಲು ಸ್ವಯಂಸೇವಕರನ್ನು ತಯಾರು ಮಾಡತಕ್ಕದ್ದೆಂದು ಉಲ್ಲೇಖ (ಅ)ರಲ್ಲಿ ಅಪ್ಪಣೆಯಾಗಿರುತ್ತದೆ. ಯಾವ ದೇಶವೆಂಬುದು ಪ್ರಾಯಶಃ ಎರಡನೆಯ ಪುಟದಲ್ಲಿತ್ತು. ಟಪಾಲು ಚೀಲದ ಮೇಲೆ ಯಾರೋ ಕಿತ್ತಳೆಹಣ್ಣಿನ ಬುಟ್ಟಿ ಇಟ್ಟ ಕಾರಣ ಸದರಿ ಪುಟವು ರಸದಲ್ಲಿ ನೆಂದು, ಮೂಸಲು ಚೆನ್ನಾಗಿದ್ದರೂ ಓದಲು ಬಾರದಂತಾಗಿದೆ. ದೆಹಲಿಗೆ ಬರೆದು ಕೇಳಿದರೆ ಕಿತ್ತಳೆಯ ವಿಷಯ ಹೇಳಬೇಕಾಗುತ್ತದೆ. ಆದ್ದರಿಂದ, ಕೊಡಗು ಒಂದು ರಾಜ್ಯವಾಗಿರುವುದರಿಂದಲೂ, ರಾಜ್ಯದಿಂದ ಹೊರಗಿರುವುದೆಲ್ಲ ಹೊರಗೇ ಆಗಿರುವುದರಿಂದಲೂ, ಅತಿ ಸಮೀಪದ ಹೊರದೇಶವು ಕುಶಾಲನಗರದ ಕಾವೇರಿ ಸೇತುವೆಯ ಆಚೆ ತುದಿಯಲ್ಲಿ, ಅಂದರೆ ಮೈಸೂರು ರಾಜ್ಯದಲ್ಲಿ ಆರಂಭವಾಗುತ್ತದೆಂದು ತೀರ್ಮಾನಿಸಲಾಗಿದೆ. ಸೇತುವೆಯ ನಡುವೆ ನಿಂತವರು ಯಾವ ದೇಶದಲ್ಲಿದ್ದಾರೆಂಬುದನ್ನು ಅವರ ಮುಖ ಯಾವ ಕಡೆಗಿದೆ ಎಂಬುದರ ಮೇಲೆ ನಿರ್ಧರಿಸತಕ್ಕದ್ದು. ಗಾಳ ಹಾಕಿಕೊಂಡು ಕೆಳಕ್ಕೆ ನೋಡುತ್ತಿರುವವರ ವಿಷಯ ಪರಿಶೀಲನೆಯಲ್ಲಿದೆ.

೨. ಸೇತುವೆಯಿಂದ ಎರಡು ಮೈಲಿ ದೂರದ ಹೊಂಗೆಕೊಪ್ಪಲು ಎಂಬ ಹೊರದೇಶದ ಗ್ರಾಮದಿಂದ ಉಲ್ಲೇಖ (ಆ)ರ ಅರ್ಜಿ ಬಂದಿರುತ್ತದೆ. ಊರ ಕಟ್ಟೆಯ ಏರಿ ಹೋದ ಮಳೆಗಾಲದಲ್ಲಿ ಹನ್ನೊಂದು ಗಜ ಒಡೆದು, ಏರಿಯ ಕೆಳಗಿನ ಮೊದಲ ಗದ್ದೆಯಲ್ಲಿದ್ದ ಚಲುವಮ್ಮ ಎಂಬ ವೃದ್ಧೆಯ ಭತ್ತದ ಸಸಿಮಡಿ ಪೂರಾ ಕೊಚ್ಚಿಹೋಯಿತು. ನಾಟಿಗೆ ಪೈರಿಲ್ಲದೆ ಗದ್ದೆ ವರ್ಷವಿಡೀ ಬೀಳು ಬಿತ್ತು. ಆಕೆಗಿರುವುದು ಅದೊಂದೇ ಗದ್ದೆ. ಈ ವರ್ಷವೂ ಹಾಗೇ ಆದರೆ ಗದ್ದೆಯನ್ನು ಕೈಬಿಡಬೇಕಾಗುತ್ತದೆ. ಮುಂಗಾರು ಹಿಡಿಯುವುದರೊಳಗೆ ಏರಿ ಕಟ್ಟಿ, ಮಣ್ಣು ಕಚ್ಚಿ ಹಿಡಿಯುವಂತೆ ಲಾವಂಚದ ಬುಡಗಳನ್ನು ನೆಟ್ಟುಕೊಡಲು ಜನ ಬೇಕು ಎಂಬುದು ಅರ್ಜಿಯ ಸಾರಾಂಶ. ಅರ್ಜಿಯು ಒಂದೇ ಪುಟದ್ದಾಗಿ, ಏನು ಬೇಕೆಂಬುದು ಸ್ಪಷ್ಟವಾಗಿದ್ದುದರಿಂದ, ಅದನ್ನು ಯಾವ ಕಡತದಲ್ಲಿ ಸೇರಿಸಬೇಕೆಂಬುದೇ ಶಾಖೆಯಲ್ಲಿ ಹನ್ನೆರಡು ದಿನ ತಿಳಿಯಲಿಲ್ಲ.

೩. ಹೊರದೇಶದ ಭಾಷೆ ಕನ್ನಡವೆಂದು ವಿಚಾರಣೆಯಿಂದ ತಿಳಿದುಬಂದಿದೆ. ನಮ್ಮದೂ ಕನ್ನಡವಾಗಿರುವುದನ್ನು ಆಕಸ್ಮಿಕವೆಂದು ಪರಿಗಣಿಸಲಾಗಿದೆ. ಆದಾಗ್ಯೂ ದುಭಾಷಿಯೊಬ್ಬರನ್ನು ನೇಮಿಸಲಾಗಿದ್ದು, ಅವರು ಒಂದು ಕಡೆಯ ಮಾತನ್ನು ಕೇಳಿ ಅದನ್ನೇ ಇನ್ನೊಂದು ಕಡೆಗೆ ಸ್ವಲ್ಪ ಜೋರಾಗಿ ಹೇಳತಕ್ಕದ್ದು.

೪. ಮೇಲ್ಕಂಡ ಖಂಡಿಕೆ ಅನವಶ್ಯಕವೆಂದು ನಕ್ಕವರ ಗಮನಕ್ಕೆ: ನಮ್ಮಲ್ಲಿ ಕಾಡು ಸವರುವ ಆಯುಧಕ್ಕೆ 'ಕತ್ತಿ' ಎನ್ನುತ್ತಾರೆ, ಹೊರದೇಶದಲ್ಲಿ ಅದೇ 'ಮಚ್ಚು'. ಅಲ್ಲಿ ಕತ್ತಿಯೆಂದರೆ ರಾಜರು ಯುದ್ಧಕ್ಕೆ ಹಿಡಿಯುವುದು. ನಮೂನೆಗಳು ಅಚ್ಚಾಗುವ ಮುಂಚೆಯೇ ಊರು ನೋಡಲು ಹೋಗಿದ್ದ ಸ್ವಯಂಸೇವಕರೊಬ್ಬರು ಬೆಳ್ಳಂಬೆಳಗ್ಗೆ ಪಟೇಲರ ಬಾಗಿಲು ತಟ್ಟಿ 'ಒಂದು ಕತ್ತಿ ಕೊಡಿ' ಎಂದು ಕೇಳಿದ್ದು, ಪಟೇಲರು ಹಿತ್ತಲ ಬಾಗಿಲಿನಿಂದ ಓಡಿದ್ದು ಶಾಖೆಗೆ ವರದಿಯಾಗಿದೆ. ಇನ್ನು ಮುಂದೆ ಮಚ್ಚೆಂದೇ ಕೇಳತಕ್ಕದ್ದು.

೫. ಹೊರದೇಶದವರು ಎದುರಾದಾಗ 'ಊಟ ಆಯ್ತಾ?' ಎಂದು ಕೇಳುವುದು ವಾಡಿಕೆ. ಇದು ಮಾಹಿತಿ ಸಂಗ್ರಹಣೆಯಲ್ಲ. ಏನು ಪಲ್ಯ, ಎಷ್ಟು ತುತ್ತು ಎಂಬ ವಿವರ ಒದಗಿಸುವುದನ್ನು ನಿಷೇಧಿಸಲಾಗಿದೆ. ಆಗಿಲ್ಲವೆಂದು ಸತ್ಯ ಹೇಳುವುದನ್ನಂತೂ ಕಡ್ಡಾಯವಾಗಿ ನಿಷೇಧಿಸಲಾಗಿದೆ, ಏಕೆಂದರೆ ಹಾಗೆ ಹೇಳಿದವರನ್ನು ಕೈಹಿಡಿದು ಒಳಕ್ಕೆ ಎಳೆದುಕೊಂಡು ಹೋಗಿ ಬಡಿಸುತ್ತಾರೆ, ಅಂದಿನ ಕೆಲಸ ಅಲ್ಲಿಗೆ ಮುಗಿಯುತ್ತದೆ.

೬. ಹೊರದೇಶದ ಆಹಾರವು ರಾಗಿಮುದ್ದೆ. ಅಕ್ಕಿರೊಟ್ಟಿ, ಕಡುಬು ತಿಂದು ಬೆಳೆದ ಸ್ವಯಂಸೇವಕರು ಮುದ್ದೆಯನ್ನು ಅಗಿಯಲು ಹೋಗಿ ನಗೆಪಾಟಲಾಗುವ ಸಂಭವವಿರುವುದರಿಂದ ಪ್ರತಿ ಶನಿವಾರ ನುಂಗುವ ಅಭ್ಯಾಸವನ್ನು ಏರ್ಪಡಿಸಲಾಗಿತ್ತು. ನುಂಗಿದ ಮೇಲೆ ಮುಖಭಾವ ಸಹಜವಾಗಿರಬೇಕು, ಕಣ್ಣಲ್ಲಿ ನೀರಿರಕೂಡದು. ಭಾಗಮಂಡಲದ ಕಡೆಯ ಕಾಫಿ ಬೆಳೆಗಾರರಾದ ಸ್ವಯಂಸೇವಕ ಶ್ರೀ ಬೋಜಪ್ಪನವರು ಮೂರನೆಯ ಯತ್ನದಲ್ಲಿ ತೇರ್ಗಡೆಯಾಗಿರುತ್ತಾರೆ. ಮೊದಲೆರಡು ಯತ್ನಗಳ ವಿವರ ಕಡತದಲ್ಲಿದೆ, ಯಾರೂ ತೆಗೆದು ನೋಡತಕ್ಕದ್ದಲ್ಲ.

೭. ಕಾಲುಚೀಲದಲ್ಲಿ ಜಿಗಣೆಗಳನ್ನು ಹೊರದೇಶಕ್ಕೆ ಸಾಗಿಸಕೂಡದು.

೮. ಮುದ್ದೆಯ ತರಬೇತುದಾರರೂ ಸ್ವಯಂಸೇವಕಿಯೂ ಆದ ಶ್ರೀಮತಿ ರಂಗಮ್ಮನವರು ಕುಶಾಲನಗರದ ಸಮೀಪ ಗಂಡ-ಮಕ್ಕಳೊಂದಿಗೆ ವಾಸವಾಗಿದ್ದು, ಹುಟ್ಟಿನಿಂದ ಹೊರದೇಶದವರೆಂಬುದು ತಡವಾಗಿ ಗಮನಕ್ಕೆ ಬಂದಿರುತ್ತದೆ. ಹೊಂಗೆಕೊಪ್ಪಲೇ ಆಕೆಯ ತವರು. ಖಂಡಿಕೆ ೨ರಲ್ಲಿ ಕಂಡ ಚಲುವಮ್ಮನವರೇ ಆಕೆಯ ತಾಯಿ. ಪಕ್ಷಪಾತಕ್ಕೆ ಎಡೆಯಾಗದಂತೆ, ಸದರಿ ಸ್ವಯಂಸೇವಕಿಯು ತಾಯಿಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ 'ಫಲಾನುಭವಿ' ಎಂದೂ, ಐದರ ನಂತರ ಹಾಗೂ ಭಾನುವಾರಗಳಲ್ಲಿ 'ಅವ್ವ' ಎಂದೂ ಕರೆಯತಕ್ಕದ್ದೆಂದು ಆದೇಶಿಸಲಾಗಿತ್ತು. ಆದೇಶ ಮುಟ್ಟಿದ್ದಕ್ಕೆ ಆಕೆಯಿಂದ ಪಡೆದ ಉತ್ತರ ಹೀಗಿದೆ: 'ನಮ್ಮವ್ವನ್ನ ನಾನು ಹಂಗಂದ್ರೆ ಪೊರ್ಕೆ ತಗೊಂಡ್ ಬಾರಿಸ್ತಾಳೆ. ಬೇಕಾದ್ರೆ ನೀವೇ ಬಂದ್ ಕರೀರಿ.' ಶಾಖೆಯ ಯಾವ ನೌಕರರೂ ಮುಂದೆ ಬರಲಿಲ್ಲ. ಆದೇಶವನ್ನು ಹಿಂಪಡೆಯಲಾಗಿದೆ.

೯. ಇಷ್ಟೆಲ್ಲ ಸಿದ್ಧತೆ ಮುಗಿದು ಹೊರಡುವುದೊಂದೇ ಬಾಕಿ ಇರುವಾಗ ನಮೂನೆ ೪ರ ಸಮಸ್ಯೆ ತಲೆದೋರಿತು. ಸದರಿ ನಮೂನೆಯಲ್ಲಿ ಒಂದೇ ವಾಕ್ಯವಿದೆ: 'ನಾನು ಸ್ವಇಚ್ಛೆಯಿಂದ ಹೊರದೇಶಕ್ಕೆ ಹೋಗುತ್ತೇನೆ.' ಅದರ ಕೆಳಗೆ ಸಹಿ. ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ಇದಕ್ಕೆ ಸಹಿ ಹಾಕಲಿಲ್ಲ. ಹೊರಡುವ ಹೊತ್ತಿನಲ್ಲಿ 'ಹೋಗ್ತೀನಿ' ಎನ್ನುವುದು ಅಪಶಕುನವೆಂದೂ, 'ಹೋಗಿ ಬರ್ತೀನಿ' ಎನ್ನಬೇಕೆಂದೂ ಅವರ ಒಕ್ಕೊರಲಿನ ವಾದ. ರಂಗಮ್ಮನವರ ಹೇಳಿಕೆಯನ್ನು ಯಥಾವತ್ ದಾಖಲಿಸಲಾಗಿದೆ: 'ಹೋಗ್ತೀನಿ ಅಂತ ಬರ್ಕೊಡೋಕೆ ನಾನೇನ್ ಸಾಯಾಕ್ ಹೊಂಟಿದೀನಾ ಸ್ವಾಮಿ? ಮನೇಲಿ ಎಮ್ಮೆ ಕಟ್ಟಾಕಿ ಬಂದಿವ್ನಿ. ಹೋಗ್ಬತ್ತೀನಿ ಅಂತ ಬರ್ಕಳಿ, ಈಗ್ಲೇ ರುಜು ಹಾಕ್ತೀನಿ.' ಆಕೆಯು ಮುದ್ರಿತ ಪದವನ್ನು ಸ್ವಹಸ್ತದಿಂದ ಹೊಡೆದುಹಾಕಿ 'ಹೋಗಿ ಬರುತ್ತೇನೆ' ಎಂದು ತಿದ್ದಿರುತ್ತಾರೆ. ಉಳಿದವರೂ ಅದೇ ಪೆನ್ನು ಇಸಿದುಕೊಂಡರು.

೧೦. ಈ ತಿದ್ದುಪಡಿಯನ್ನು ಒಪ್ಪಲು ಬರುವುದಿಲ್ಲವೆಂದು ಕಾನೂನು ಅಭಿಪ್ರಾಯ ಪಡೆಯಲಾಯಿತು. ಹೋಗುವುದು ಒಂದು ಕ್ರಿಯೆ, ಬರುವುದು ಇನ್ನೊಂದು. ಹೋಗುವುದಕ್ಕೆ ಮಾತ್ರ ಈ ಶಾಖೆಗೆ ಅಧಿಕಾರವಿದೆ. ಬರುವುದು ಹೊರದೇಶದಿಂದ ರಾಜ್ಯಕ್ಕೆ ಪ್ರವೇಶವಾಗಿರುವುದರಿಂದ ಅದು ಮಹಡಿಯ ಮೇಲಿನ ಶಾಖೆಗೆ ಸೇರಿದ್ದು. ಮಹಡಿಯ ಮೇಲಿನವರನ್ನು ಕೇಳಲಾಗಿ, ಇನ್ನೂ ಹೋಗದವರಿಗೆ ಬರಲು ಅನುಮತಿ ಕೊಡಲಾಗದೆಂದು ತಿಳಿಸಿದರು. ಇದರಲ್ಲಿ ತಪ್ಪು ಹುಡುಕಲು ಸಾಧ್ಯವಾಗಲಿಲ್ಲ. ಅಷ್ಟರಲ್ಲಿ ಮೇ ತಿಂಗಳ ಮೊದಲ ವಾರ ಮುಗಿದಿತ್ತು. ಮೋಡ ಕಟ್ಟಲು ಶುರುವಾಗಿತ್ತು, ಅದಕ್ಕೆ ಯಾರ ಅನುಮತಿಯೂ ಬೇಕಾಗಿರಲಿಲ್ಲ.

೧೧. ಬೋಜಪ್ಪನವರ ನಮೂನೆಯನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಬೇಕಾಗಿದೆ. ಅವರು ಎರಡು ಕ್ರಿಯೆ ಇದ್ದರೆ ತಾನೇ ತೊಂದರೆ ಎಂದು ಯೋಚಿಸಿ, ಒಂದನ್ನು ಕೈಬಿಟ್ಟು 'ಬರುತ್ತೇನೆ' ಎಂದಷ್ಟೇ ಬರೆದುಕೊಟ್ಟರು. ಇದರ ಆಧಾರದ ಮೇಲೆ ಗುಮಾಸ್ತರು ಅವರನ್ನು ಹೊರದೇಶದಿಂದ ಹಿಂತಿರುಗುತ್ತಿರುವ ಸ್ವಯಂಸೇವಕರೆಂದು ನಮೂದಿಸಿ, ಸೇವೆ ಪೂರೈಸಿದ್ದಕ್ಕೆ ವಂದನಾ ಪತ್ರವನ್ನು ಅಂಚೆಗೆ ಹಾಕಿದರು. ಬೋಜಪ್ಪನವರು ಪತ್ರ ಹಿಡಿದುಕೊಂಡು ಖುದ್ದಾಗಿ ಬಂದು, 'ಎಂಥ ಮಾರಾಯ್ರೆ ಇದು! ಬರ್ತೇನೆ ಅಂದ್ರೆ ಹೋಗ್ತೇನೆ ಅಂತಲೇ ಅಲ್ವಾ? ನಮ್ಮಲ್ಲಿ ಹಾಗೇ ಹೇಳೂದು' ಎಂದರು. ಹೋಗುವುದಕ್ಕೆ ಬರುವುದೆಂದು ಹೇಳುವ ಜನರನ್ನು ಆಳುವುದು ಹೇಗೆಂದು ಆ ದಿನ ಶಾಖೆಯಲ್ಲಿ ಯಾರಿಗೂ ತೋಚಲಿಲ್ಲ. ಕೆಳಗೆ ಸಹಿ ಮಾಡಿರುವವರ ಮನೆಯಲ್ಲೂ ಹಾಗೇ ಹೇಳುತ್ತಾರೆಂಬುದು ಬೇರೆ ವಿಷಯ.

೧೨. ಮೇ ೧೧ನೇ ತಾರೀಖು ಮಂಗಳವಾರ, ಕುಶಾಲನಗರದ ಸಂತೆ. ಅಂದು ಹೊರದೇಶದವರು ನೂರಾರು ಜನ ಉಪ್ಪು, ಮೆಣಸಿನಕಾಯಿಗಾಗಿ ನಮ್ಮ ರಾಜ್ಯಕ್ಕೆ ಬಂದು ಹೋಗುವುದು ವಾಡಿಕೆ. ಇವರಾರೂ ಯಾವ ನಮೂನೆಯನ್ನೂ ತುಂಬುವುದಿಲ್ಲ. ಸಂತೆಗೆ ಬಂದ ಚಲುವಮ್ಮನವರು ಮಗಳನ್ನು ಕಂಡು, ಸಸಿಮಡಿಗೆ ಬೀಜ ನೆನೆಹಾಕಲೋ ಬೇಡವೋ ಎಂದು ಕೇಳಿರುತ್ತಾರೆ. ರಂಗಮ್ಮನವರು 'ನೆನೆಹಾಕವ್ವ' ಎಂದಿರುತ್ತಾರೆ. ಇಷ್ಟೇ ಸಂಭಾಷಣೆ ನಡೆದದ್ದೆಂದು ಸಾಕ್ಷಿಗಳು ತಿಳಿಸಿದ್ದಾರೆ. ಸಂತೆಯಿಂದ ಮರಳುವವರ ಜೊತೆಯಲ್ಲಿ ಹದಿನಾಲ್ಕು ಮಂದಿ ಸ್ವಯಂಸೇವಕರೂ ಗುದ್ದಲಿ, ಮಂಕರಿ, ಬೋಜಪ್ಪನವರ ತೋಟದ ಚರಂಡಿಯಂಚಿನಿಂದ ಕಿತ್ತುತಂದ ನಾಲ್ಕು ಮೂಟೆ ಲಾವಂಚ ಇವುಗಳ ಸಮೇತ ಸೇತುವೆ ದಾಟಿದರು.

೧೩. ಸೇತುವೆಯ ಬಳಿ ಶಾಖೆಯ ವತಿಯಿಂದ ಜವಾನ ಗುರುವಪ್ಪನನ್ನು ಎರಡು ಪುಸ್ತಕಗಳೊಂದಿಗೆ ನೇಮಿಸಲಾಗಿತ್ತು. ಒಂದು ಹೋಗುವವರದು, ಇನ್ನೊಂದು ಬರುವವರದು. ಸದರಿ ಗುರುವಪ್ಪನು ಹದಿನಾಲ್ಕು ಮಂದಿಯನ್ನೂ ತಡೆಯಲು ಹೋಗಿ ವಿಚಾರಿಸಲಾಗಿ, ಎಲ್ಲರೂ ನಡೆಯುತ್ತಲೇ 'ಬತ್ತೀವಿ ಗುರುವಪ್ಪಣ್ಣ' ಎಂದಿರುತ್ತಾರೆ. ಅವನು ಕೇಳಿದ್ದನ್ನು ಕೇಳಿದ ಹಾಗೆಯೇ ಬರುವವರ ಪುಸ್ತಕದಲ್ಲಿ ಬರೆದುಕೊಂಡನು. ಒಂಬತ್ತು ದಿನಗಳ ನಂತರ ಅವರು ನಿಜಕ್ಕೂ ಬಂದಾಗ 'ಬಂದ್ವಿ ಗುರುವಪ್ಪಣ್ಣ' ಎಂದರು, ಅದನ್ನೂ ಅದೇ ಪುಸ್ತಕದಲ್ಲಿ ಬರೆದನು. ಹೋಗುವವರ ಪುಸ್ತಕ ಇಂದಿಗೂ ಖಾಲಿಯಿದೆ. ದಾಖಲೆಯ ಪ್ರಕಾರ ಕೊಡಗು ರಾಜ್ಯದ ಜನಸಂಖ್ಯೆ ಇಪ್ಪತ್ತೆಂಟರಷ್ಟು ಹೆಚ್ಚಾಗಿದೆ. ಗುರುವಪ್ಪನ ಮೇಲೆ ಕ್ರಮ ಕೈಗೊಳ್ಳಲು ಅವನು ಮಾಡಿದ ತಪ್ಪೇನೆಂದು ಬರೆಯಬೇಕಾಗಿದ್ದು, ಮೂವರು ಬರೆಯಲು ಕೂತು ಮೂವರೂ ಎದ್ದಿದ್ದಾರೆ.

೧೪. ಮೇ ೨೩ರಂದು ಸುರಿದ ಮಳೆಗೆ ಕಟ್ಟೆ ಅರ್ಧ ತುಂಬಿತು. ೨೫ರಂದು ಹೊಂಗೆಕೊಪ್ಪಲಿನ ಪಟೇಲರು ಪತ್ರ ಬರೆದು, ನಿಮ್ಮ ಜನ ಬಂದರು, ಏರಿ ಕಟ್ಟಿದರು, ಲಾವಂಚ ನೆಟ್ಟರು, ಒಳ್ಳೆಯ ಜನ, ಒಬ್ಬರು ಮಾತ್ರ ಮುದ್ದೆಯನ್ನು ಸ್ವಲ್ಪ ಅಗಿಯುತ್ತಾರೆ, ನಿಮಗೆ ಪುಣ್ಯ ಬರಲಿ ಎಂದು ತಿಳಿಸಿದರು. ನಮ್ಮ ಯಾವ ಜನರೂ ಹೋಗಿರುವುದಿಲ್ಲವೆಂದು ಪುಸ್ತಕ ನೋಡಿ ಉತ್ತರಿಸಲಾಯಿತು. ಪಟೇಲರು ಮರುಟಪಾಲಿನಲ್ಲಿ, ಹಾಗಿದ್ದರೆ ನೀರು ಹೇಗೆ ನಿಂತಿದೆ ಎಂದು ಕೇಳಿದರು. ಈ ಪ್ರಶ್ನೆಯ ಸಮೇತ ಕಡತವನ್ನು ಮೇಲಧಿಕಾರಿಗಳಿಗೆ ಮಂಡಿಸಲಾಯಿತು. ಹಾಗೆ ಮಂಡಿಸಿದ್ದು ಕೆಳಗೆ ಸಹಿ ಮಾಡಿರುವವರ ದಡ್ಡತನ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

೧೫. ಉಲ್ಲೇಖ (ಈ)ರ ಹಿಂಬರಹದಲ್ಲಿ ಆಜ್ಞಾಪಿಸಿರುವುದೇನೆಂದರೆ: ಅನುಮತಿಯಿಲ್ಲದೆ ಆದ ಕೆಲಸವನ್ನು ಆಗಿಲ್ಲವೆಂದೇ ಭಾವಿಸತಕ್ಕದ್ದು. ಏರಿಯನ್ನು ಹನ್ನೊಂದು ಗಜದಷ್ಟು ಕಿತ್ತು ಮೊದಲಿದ್ದ ಸ್ಥಿತಿಗೆ ತರತಕ್ಕದ್ದು. ಬಳಿಕ ಸ್ವಯಂಸೇವಕರಿಂದ ತಿದ್ದುಪಡಿಯಿಲ್ಲದ ನಮೂನೆ ೪ಕ್ಕೆ ಸಹಿ ಪಡೆದು, ಕ್ರಮಬದ್ಧವಾಗಿ ಕಳುಹಿಸಿ, ಪುನಃ ಕಟ್ಟಿಸತಕ್ಕದ್ದು. ಇದನ್ನು ಶಾಖಾಧಿಕಾರಿಯು ಖುದ್ದಾಗಿ ಸ್ಥಳಕ್ಕೆ ಹೋಗಿ ೭ನೇ ಜೂನ್ ಸಂಜೆಯೊಳಗೆ ನಡೆಸತಕ್ಕದ್ದು, ತಪ್ಪಿದಲ್ಲಿ ಅವರನ್ನು ಅಮಾನತಿನಲ್ಲಿಡಲಾಗುವುದು.

೧೬. ಅದರಂತೆ ೫ನೇ ಜೂನ್ ಶನಿವಾರ ಸ್ಥಳ ಪರಿಶೀಲನೆ ನಡೆಸಲಾಯಿತು. ಕೂಲಿ ಆಳುಗಳಿಬ್ಬರು ಎರಡು ಪಿಕಾಸಿ ಸಮೇತ ಜೊತೆಯಲ್ಲಿದ್ದರು. ಸೇತುವೆಯಲ್ಲಿ ಗುರುವಪ್ಪನು ಪುಸ್ತಕ ತೆರೆಯದೆ ಎದ್ದು ನಿಂತು ನಮಸ್ಕಾರ ಮಾಡಿದನು. ಏರಿಯ ಮೇಲೆ ಚಲುವಮ್ಮನವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಲಾವಂಚದ ಬುಡಗಳಿಗೆ ಮಣ್ಣು ತುಳಿಯುತ್ತಿದ್ದರು. ಬಂದ ಕಾರಣವನ್ನು ಅವರಿಗೆ ಸರ್ಕಾರಿ ಭಾಷೆಯಲ್ಲಿ ವಿವರಿಸಲಾಯಿತು. ಅರ್ಥವಾಗದ್ದರಿಂದ ಮಾಮೂಲಿ ಭಾಷೆಯಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಮಾಮೂಲಿ ಭಾಷೆಯಲ್ಲಿ ಹೇಳುವಾಗ ನಾಚಿಕೆಯಾಯಿತು ಎಂಬುದನ್ನು ದಾಖಲಿಸಲಾಗಿದೆ. ಅವರು ಎಲ್ಲವನ್ನೂ ಕೇಳಿ, ಆಳುಗಳ ಪಿಕಾಸಿಯನ್ನೂ ಒಮ್ಮೆ ನೋಡಿ ಹೇಳಿದ್ದಿಷ್ಟು: 'ಕೀಳಾಕ್ ಬಂದ್ರಾ? ಬಿಸ್ಲಲ್ಲಿ ನಡ್ಕೊಂಡ್ ಬಂದಿದೀರ, ಮೊದ್ಲು ಉಣ್ಣಿ. ಆಮೇಲ್ ಕಿತ್ರಾಯ್ತು.'

೧೭. ಊಟ ಮಾಡಲಾಯಿತು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಎರಡನೆಯ ಮುದ್ದೆಯನ್ನು ಬೇಡವೆಂದರೂ ಹಾಕಲಾಯಿತು. ಉಣ್ಣುತ್ತಿರುವಾಗಲೇ ಮಳೆ ಹಿಡಿಯಿತು, ಹಿಡಿದ ಮಳೆ ಮೂರು ಗಂಟೆ ಬಿಡಲಿಲ್ಲ. ಚಲುವಮ್ಮನವರು ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಏರಿಯ ಕಡೆಗೇ ನೋಡುತ್ತಿದ್ದರು, ಒಮ್ಮೆಯೂ ಕೂರಲಿಲ್ಲ. ಮಳೆ ನಿಂತ ಮೇಲೆ ಅವರ ಹಿಂದೆಯೇ ಹೋಗಿ ನೋಡಲಾಗಿ, ಕಟ್ಟೆಯು ಅಂಚಿನವರೆಗೆ ತುಂಬಿ ಕೋಡಿಯಲ್ಲಿ ಹದವಾಗಿ ಹರಿಯುತ್ತಿತ್ತು. ಏರಿ ಒಂದು ಹಿಡಿ ಮಣ್ಣನ್ನೂ ಬಿಟ್ಟಿರಲಿಲ್ಲ. ಕೆಳಗಿನ ಸಸಿಮಡಿಯಲ್ಲಿ ಪೈರು ಬೆರಳುದ್ದ ಎದ್ದು ನಿಂತಿತ್ತು. ಚಲುವಮ್ಮನವರು ಬಗ್ಗಿ ಪೈರಿನ ಮೇಲೆ ಕೈಯಾಡಿಸಿ, ಯಾರ ಕಡೆಗೂ ನೋಡದೆ, 'ಇವತ್ತು ಏರಿ ಇರ್ನಿಲ್ಲ ಅಂದಿದ್ರೆ ಇದ್ಯಾವ್ದೂ ಇರ್ತಿರ್ನಿಲ್ಲ' ಎಂದರು. ಕೂಲಿ ಆಳುಗಳು ತಾವೇ ಪಿಕಾಸಿಗಳನ್ನು ಹೆಗಲಿಗೇರಿಸಿ ಸೇತುವೆಯ ಕಡೆಗೆ ನಡೆದುಬಿಟ್ಟರು. ಅವರನ್ನು ಕರೆಯಲಿಲ್ಲ.

೧೮. ಆದುದರಿಂದ ಈ ಮೂಲಕ ತಿಳಿಸುವುದೇನೆಂದರೆ, ಉಲ್ಲೇಖ (ಈ)ರ ಆಜ್ಞೆಯನ್ನು ಜಾರಿಗೊಳಿಸಲಾಗಿರುವುದಿಲ್ಲ. ಯಾರು ಜಾರಿಗೊಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಯಾವ ಕಾಗದದಲ್ಲೂ 'ನಾನು' ಎಂದು ಬರೆದಿಲ್ಲ. ಎಲ್ಲವೂ ತಾನಾಗಿಯೇ 'ಆಗಿದೆ', 'ಮಾಡಲಾಗಿದೆ', 'ತೀರ್ಮಾನಿಸಲಾಗಿದೆ'. ಇದನ್ನು ಮಾತ್ರ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ. ನಾನು ಹೋದೆ. ನಾನು ನೋಡಿದೆ. ಏರಿಯನ್ನು ನಾನು ಕೀಳಲಿಲ್ಲ, ಬೇರೆಯವರು ಕೀಳಲು ಬಂದರೂ ಬಿಡುವುದಿಲ್ಲ. ಹದಿನಾಲ್ಕು ಮಂದಿಯ ತಪ್ಪು ಇದರಲ್ಲಿ ಏನೂ ಇಲ್ಲ, ನಮೂನೆಯನ್ನು ಬರೆದವನೂ ನಾನೇ.

೧೯. ಇಂದು ೭ನೇ ಜೂನ್. ಸಂಜೆಯಾಗಿದೆ.

ಸಹಿ (ಓದಲು ಬರುವಂತೆ)
ಧರ್ಮಪಾಲ
ಶಾಖಾಧಿಕಾರಿ, ಈ ಸುತ್ತೋಲೆ ಟಪಾಲಿಗೆ ಬೀಳುವವರೆಗೆ

ಪ್ರತಿಗಳು:
(೧) ಮೇಲಧಿಕಾರಿಗಳಿಗೆ, ಸೂಕ್ತ ಕ್ರಮಕ್ಕಾಗಿ. ಸೂಕ್ತ ಕ್ರಮ ಯಾವುದೆಂದು ಅವರೇ ಬರೆದಿರುತ್ತಾರೆ.
(೨) ಮಹಡಿಯ ಮೇಲಿನ ಶಾಖೆಗೆ, ಇಪ್ಪತ್ತೆಂಟು ಮಂದಿ ಹೊಸ ಪ್ರಜೆಗಳ ಮಾಹಿತಿಗಾಗಿ.
(೩) ದುಭಾಷಿಗೆ, ಇದನ್ನೇ ಸ್ವಲ್ಪ ಜೋರಾಗಿ ಓದಿ ಹೇಳಲು.
(೪) ಶ್ರೀ ಬೋಜಪ್ಪನವರಿಗೆ, ವಂದನಾ ಪತ್ರವನ್ನು ಹಿಂದಿರುಗಿಸಬೇಕಾಗಿಲ್ಲವೆಂದು ತಿಳಿಸಲು.
(೫) ಜವಾನ ಗುರುವಪ್ಪನಿಗೆ, ಸೇತುವೆ. ಪುಸ್ತಕಗಳನ್ನು ಮುಚ್ಚತಕ್ಕದ್ದು.
(೬) ಶ್ರೀಮತಿ ರಂಗಮ್ಮನವರಿಗೆ, ತಾಯಿಗೆ ಓದಿ ಹೇಳುವ ಸಲುವಾಗಿ.
(೭) ಶ್ರೀಮತಿ ಚಲುವಮ್ಮನವರಿಗೆ, ಹೊಂಗೆಕೊಪ್ಪಲು. ನಾಟಿಗೆ ಆಳು ಕಮ್ಮಿ ಬಿದ್ದಲ್ಲಿ ಹೇಳಿಕಳುಹಿಸುವಂತೆ ಕೋರಿದೆ. ಸಹಿ ಮಾಡಿರುವವರಿಗೆ ನಾಳೆಯಿಂದ ಬೇರೆ ಕೆಲಸವಿರುವುದಿಲ್ಲ.